ಖಾಲಿ ಡಬ್ಬಿ ವಾಪಸ್ ಕೊಡಬಾರದು: ಓವನ್ ಇಲ್ಲದ ಹಾಸ್ಟೆಲಿನ ಕ್ರಿಸ್‌ಮಸ್

ಪಕ್ಕದ ಮನೆಯಿಂದ ತಿಂಡಿ ತುಂಬಿಕೊಂಡು ಬಂದ ಡಬ್ಬಿಯನ್ನ ನಮ್ಮ ಕಡೆ ಖಾಲಿ ವಾಪಸ್ ಕೊಡೋದಿಲ್ಲ. ಏನೂ ಇಲ್ಲ ಅಂದ್ರೆ ಒಂದು ಹಿಡಿ ಸಕ್ಕರೆ ಆದ್ರೂ ಹಾಕಿ ಕೊಡ್ತಾರೆ. ಇದನ್ನ ನಮಗೆ ಯಾರೂ ಪಾಠ ಮಾಡಿ ಹೇಳಿಲ್ಲ, ಅಮ್ಮ-ಅಜ್ಜಿ ಮಾಡೋದನ್ನ ನೋಡಿ ಕಲಿತದ್ದು. ಹಾಸ್ಟೆಲಿಗೆ ಬಂದ ಮೇಲೆ ಮಾತ್ರ ಯಾಕೋ ಪೂರ್ತಿ ಮರೆತುಬಿಟ್ಟಿದ್ದೀವಿ. ಕಳೆದ ಡಿಸೆಂಬರ್‌ನಲ್ಲಿ ಅದು ನೆನಪಾಗುವಂಥ ಒಂದು ಪ್ರಸಂಗ ನಡೆಯಿತು. ಅದನ್ನು ಹೇಳಿ, ಈ ಡಿಸೆಂಬರ್‌ಗೆ ಎಲ್ಲರ ಮುಂದೆ ಒಂದು ಬೇಡಿಕೆ ಇಡೋಣ ಅಂತ ಈ ಬರಹ.

ನಾವು ಒಂದೇ ರೂಮಿನ ನಾಲ್ಕು ಜನ. ಮೂವರ ಊರು ಬಯಲುಸೀಮೆ, ನಾಲ್ಕನೆಯವನು ಸಿವಿಲ್ ಬ್ರಾಂಚ್, ಊರು ಮಂಗಳೂರು ಕಡೆ, ಮನೆಮಾತು ಕೊಂಕಣಿ. ಮೊದಲ ಎರಡು ವರ್ಷ ಅವನು ಕ್ರಿಸ್‌ಮಸ್ ಮುಗಿಸಿ ಊರಿಂದ ಬರುವಾಗ ಒಂದು ದೊಡ್ಡ ಡಬ್ಬಿ ತುಂಬ ‘ಕುಸ್ವಾರ್’ ತರುತ್ತಿದ್ದ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಕರಾವಳಿಯ ಕ್ರೈಸ್ತರು ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡುವ ಬಗೆಬಗೆಯ ತಿಂಡಿಗಳ ಒಟ್ಟು ಹೆಸರು ಕುಸ್ವಾರ್. ನಮ್ಮ ಕರ್ಜಿಕಾಯಿಯ ತಮ್ಮನಂಥ ನೆವ್ರ್ಯೊ, ಸುರುಳಿ ಸುರುಳಿಯ ಕಿಡಿಯೊ, ಗೋಲಿಯಷ್ಟೇ ದಪ್ಪದ ಗುಳಿಯೊ, ಅಚ್ಚು ಅದ್ದಿ ಕರಿಯುವ ಹೂವಿನಾಕಾರದ ಕೊಕ್ಕಿಸಾಂ, ಎಳ್ಳುಂಡೆ, ಚಕ್ಕುಲಿ. ಜತೆಗೆ ಒಂದಷ್ಟು ಪ್ಲಮ್ ಕೇಕ್. ಅವನು ಬರುವ ದಿನ ಡಬ್ಬಿ ಹತ್ತು ನಿಮಿಷ ಬಾಳಿದ್ರೆ ಹೆಚ್ಚು.

ಕಳೆದ ವರ್ಷ ಟೈಮ್ ಟೇಬಲ್ ಬಂತು. 24ಕ್ಕೆ ಒಂದು ಪೇಪರ್, 26ಕ್ಕೆ ಇನ್ನೊಂದು. ಮಧ್ಯೆ ಒಂದೇ ದಿನ ರಜೆ. ಒಂದು ರಾತ್ರಿ ಬಸ್ಸಲ್ಲಿ ಹೋಗಿ ಇನ್ನೊಂದು ರಾತ್ರಿ ಬಸ್ಸಲ್ಲಿ ಬಂದು ಪರೀಕ್ಷೆ ಬರೆಯೋದು ಆಗದ ಮಾತು. ಹಾಗಾಗಿ ಅವನು ಹೋಗಲಿಲ್ಲ. ಅವನ ಅಮ್ಮ ಡಬ್ಬಿಯನ್ನೇ ಬಸ್ಸಿಗೆ ಹಾಕಿ ಕಳಿಸಿದರು. 23ರ ಬೆಳಗ್ಗೆ ಅದನ್ನ ತಂದು ಮಂಚದ ಕೆಳಗಿಟ್ಟು ಅವನು ಲೈಬ್ರರಿಗೆ ಹೋದ. ಸಂಜೆ ವಾಪಸ್ ಬಂದಾಗ ಡಬ್ಬಿಯಲ್ಲಿ ಮುರಿದ ನಾಲ್ಕು ಕೊಕ್ಕಿಸಾಂ ಮತ್ತು ಒಂದು ಚೀಟಿ ಇತ್ತು.

ಚೀಟಿಯನ್ನ ನಾವು ನೋಡಿದ್ದೆವು. ಮಂಗಳೂರು ಕಡೆ ಕೊಂಕಣಿಯನ್ನ ಕನ್ನಡ ಲಿಪಿಯಲ್ಲೇ ಬರೀತಾರಲ್ಲ, ಹಾಗಾಗಿ ಓದೋಕೆ ಬಂತು, ಅರ್ಥ ಆಗಲಿಲ್ಲ. ಅವನು ಓದಿ ಹೇಳಿದ. ಯಾವುದು ಯಾರಿಗೆ ಅಂತ ಅಮ್ಮ ಪಟ್ಟಿ ಮಾಡಿದ್ದರು: ರೂಮಿನ ಹುಡುಗರಿಗೆ ಇಷ್ಟು, ಮೆಸ್ಸಿನ ಅಣ್ಣನಿಗೆ ಇಷ್ಟು, ಗೇಟಿನ ವಾಚ್‌ಮನ್ ಅಂಕಲ್‌ಗೆ ಇಷ್ಟು, ಪಕ್ಕದ ರೂಮಿನವರಿಗೆ ಇಷ್ಟು. ಕುಸ್ವಾರ್ ಅಂದ್ರೆ ಅಕ್ಕಪಕ್ಕದ ಎಲ್ಲ ಮನೆಗೆ ಹಂಚುವ ತಿಂಡಿ. ಹಿಂದೂ, ಮುಸ್ಲಿಂ ಅನ್ನದೆ ನೆರೆಮನೆಗಳಿಗೆ ತಟ್ಟೆ ಹೋಗಲೇಬೇಕು. ನಾವು ವಾಚ್‌ಮನ್ ಅಂಕಲ್ ಪಾಲನ್ನೂ ತಿಂದು ಮುಗಿಸಿದ್ದೆವು.

ಅವನು “ಇರ್ಲಿ ಬಿಡ್ರೋ” ಅಂದ. ಅಷ್ಟೇ. ಬೈದಿದ್ರೆ ಎಷ್ಟೋ ವಾಸಿ ಇತ್ತು.

24ರ ಪೇಪರ್ ಮುಗಿಸಿ ನಾವು ಮೂವರು ಸೀದಾ ಬೇಕರಿಗೆ ಹೋದೆವು. ಮೊದಲ ಯೋಚನೆ ಒಂದು ಪ್ಲಮ್ ಕೇಕ್ ಕೊಳ್ಳೋದು. ಆದರೆ ಚೀಟಿಯಲ್ಲಿದ್ದದ್ದು ಕೈಯಾರೆ ಮಾಡಿದ ತಿಂಡಿಯ ಲೆಕ್ಕ, ಅದನ್ನ ದುಡ್ಡು ಕೊಟ್ಟು ತೀರಿಸೋದು ಸರಿ ಅನ್ನಿಸಲಿಲ್ಲ. ಓವನ್ ಎಲ್ಲಿಂದ ತರೋದು? ರೂಮಲ್ಲಿ ಇಂಡಕ್ಷನ್ ಸ್ಟೌ ಕೂಡ ಇಡೋ ಹಾಗಿಲ್ಲ. ಈ ನಿಯಮಕ್ಕೆ ವಾರ್ಡನ್‌ರನ್ನು ಬೈಯುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಿ: ರೂಮಿನ ಸಣ್ಣ ಸಾಕೆಟ್ 6 ಆಂಪಿಯರ್, 230 ವೋಲ್ಟಿಗೆ 1380 ವ್ಯಾಟ್. 2000 ವ್ಯಾಟಿನ ಸ್ಟೌ ಸುಮಾರು 8.7 ಆಂಪಿಯರ್ ಎಳೆಯುತ್ತೆ. ನಿಯಮ ಸರಿಯಾಗೇ ಇದೆ. ಹಾಗಾಗಿ ಬೇಯಿಸದೆ ಮಾಡುವ ಕೇಕ್ ಉಂಡೆ.

ಮಾಡುವ ವಿಧಾನವನ್ನ ಸ್ವಲ್ಪ ವಿವರವಾಗೇ ಹೇಳ್ತೀವಿ. ನಾವು ಮಾಡಿದ ತಪ್ಪು ನೀವು ಮಾಡೋದು ಬೇಡ.

ಬೇಕರಿಯ ಸಾದಾ ಕೇಕ್ 400 ಗ್ರಾಂ ತಂದು ಕೈಯಲ್ಲಿ ಪುಡಿ ಮಾಡಿದೆವು. ಒಣದ್ರಾಕ್ಷಿ, ಗೋಡಂಬಿ ಚೂರು, ಟೂಟಿ ಫ್ರೂಟಿ ಎಲ್ಲ ಸೇರಿ 100 ಗ್ರಾಂ. ಅದಕ್ಕೆ ಕಂಡೆನ್ಸ್ಡ್ ಮಿಲ್ಕಿನ ಇಡೀ ಡಬ್ಬ ಸುರಿದೆವು. ಅದೇ ತಪ್ಪು. ಉಂಡೆ ಕಟ್ಟೋ ಬದಲು ಗೋಡೆಗೆ ಮೆತ್ತುವ ಗಾರೆ ತಯಾರಾಯ್ತು. ನೋಡಿದ ಸಿವಿಲ್‌ನವನು, “ಕಾಂಕ್ರೀಟ್ ಲ್ಯಾಬಲ್ಲಿ ಸ್ಲಂಪ್ ಟೆಸ್ಟ್ ಮಾಡಿದ್ದೆಲ್ಲ ಎಲ್ಲಿ ಹೋಯ್ತೋ” ಅಂದ. ಅವತ್ತು ಅವನು ನಕ್ಕಿದ್ದು ಅದೇ ಮೊದಲು. ಬೇಕರಿ ಕೇಕಿನೊಳಗೇ ತೇವ, ಜಿಡ್ಡು ಇರುತ್ತೆ, ಅಂಟು ಬರೋಕೆ ಐದಾರು ಚಮಚ ಸಾಕು. ಒಂದೊಂದೇ ಚಮಚ ಹಾಕಿ, ಹಿಡಿ ಮಾಡಿ ಅದುಮಿ ನೋಡಬೇಕು. ಬಿಟ್ಟಾಗ ಆಕಾರ ನಿಂತು, ಕೈಗೆ ಅಂಟದಿದ್ದರೆ ಹದ ಬಂತು ಅಂತ ಅರ್ಥ. ರವೆ ಉಂಡೆಗೆ ಅಜ್ಜಿ ನೋಡ್ತಿದ್ದ ಹದವೂ ಇದೇ. ನಮ್ಮ ಗಾರೆಯನ್ನ ಉಳಿಸಿದ್ದು ಒಣ ಬಿಸ್ಕತ್ತು. 250 ಗ್ರಾಂ ಮಾರಿ ಬಿಸ್ಕತ್ತನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ, ಸ್ಟೀಲ್ ಲೋಟದಲ್ಲಿ ಕುಟ್ಟಿ ಪುಡಿ ಮಾಡಿ, ಮೂರು ಚಮಚ ಕೋಕೋ ಪುಡಿ ಜತೆ ಬೆರೆಸಿದಾಗ ಹೆಚ್ಚಿನ ತೇವ ಎಲ್ಲ ಹೀರಿಕೊಂಡಿತು.

ನಿಂಬೆಗಾತ್ರದ ಉಂಡೆ ಕಟ್ಟಿ ಮೆಸ್ಸಿನ ಫ್ರಿಜ್ಜಲ್ಲಿ ಅರ್ಧ ಗಂಟೆ ಇಟ್ಟೆವು. ಐವತ್ತಕ್ಕೂ ಹೆಚ್ಚು ಆದವು. ಹೊರಗಿನ ಹೊದಿಕೆಗೆ ಚಾಕೊಲೇಟ್. ಇಲ್ಲಿ ‘ಕಾಂಪೌಂಡ್’ ಅಂತ ಬರೆದಿರೋದನ್ನೇ ತಗೊಳ್ಳಿ. ಅಸಲಿ ಡಾರ್ಕ್ ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಹೊಳಪು ಮತ್ತು ‘ಟಪ್’ ಅಂತ ಮುರಿಯುವ ಗುಣ ಬರೋದು ಐದನೆಯ ಬಗೆಯಲ್ಲಿ. ಅದಕ್ಕೆ 45 ಡಿಗ್ರಿ ದಾಟಿಸಿ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಬೇಕು. ಥರ್ಮಾಮೀಟರ್ ಇಲ್ಲದೆ ಈ ಕೆಲಸ ಕಷ್ಟ. ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರೋದರಿಂದ ಕರಗಿಸಿ ಅದ್ದಿದರೆ ಆಯ್ತು. ಮೆಸ್ಸಿನ ಅಣ್ಣ ಕೊಟ್ಟ ಕುದಿಯುವ ನೀರನ್ನ ದೊಡ್ಡ ಪಾತ್ರೆಗೆ ಹಾಕಿ, ಮೇಲೆ ಇನ್ನೊಂದು ಒಣ ಪಾತ್ರೆ ಇಟ್ಟು ಕರಗಿಸಿದೆವು. ಒಂದೆರಡು ಹನಿ ನೀರು ಬಿದ್ದರೂ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿ ಇಡೀ ಚಾಕೊಲೇಟ್ ಗಂಟುಗಂಟಾಗುತ್ತೆ, ಹುಷಾರು. ಫ್ರಿಜ್ಜಿಂದ ತೆಗೆದ ಉಂಡೆಯನ್ನ ಐದು ನಿಮಿಷ ಹೊರಗಿಟ್ಟು ಆಮೇಲೆ ಅದ್ದಿ. ತೀರಾ ತಣ್ಣಗಿದ್ರೆ ಒಳಗಿನ ಉಂಡೆ ಬೆಚ್ಚಗಾಗ್ತಾ ಹಿಗ್ಗಿ ಮೇಲಿನ ಪದರ ಬಿರುಕು ಬಿಡುತ್ತೆ. ಕೇಕ್ ಹಾಕಿದ ಉಂಡೆ ಫ್ರಿಜ್ಜಲ್ಲಿಟ್ಟು ಎರಡು ಮೂರು ದಿನದಲ್ಲಿ ಖಾಲಿ ಮಾಡಬೇಕು. ನಮ್ಮ ಹಾಸ್ಟೆಲಲ್ಲಿ ಆ ಚಿಂತೆ ಇಲ್ಲ.

ಮೊಟ್ಟೆಯ ವಿಷಯ ಬಂತು. ನಮ್ಮಲ್ಲೊಬ್ಬ ಮೊಟ್ಟೆ ತಿನ್ನೋದಿಲ್ಲ. ಬೇಕರಿ ಕೇಕಲ್ಲಿ ಮೊಟ್ಟೆ ಇತ್ತು. “ಎಲ್ಲ ಎಗ್‌ಲೆಸ್ ಮಾಡಿಬಿಡಬೇಕಿತ್ತು” ಅಂತ ಯಾರೋ ಅಂದರು. ಕಾಲೇಜಿನ ಕಾರ್ಯಕ್ರಮಗಳಲ್ಲಿ ನಾವು ಸಾಮಾನ್ಯವಾಗಿ ಮಾಡೋದೂ ಅದನ್ನೇ. ಆದರೆ ಹಬ್ಬ ಯಾರದ್ದೋ ಅವರ ತಿಂಡಿಯನ್ನ ನಮಗೆ ಬೇಕಾದಂತೆ ತಿದ್ದಿ, ಆಮೇಲೆ ಅವರಿಗೇ ಬಡಿಸೋದು ಯಾವ ಸೌಹಾರ್ದ? ಎರಡು ತಟ್ಟೆ ಇಟ್ಟರೆ ಮುಗೀತು. ಎರಡನೇ ಸುತ್ತಿಗೆ ಬರೀ ಮಾರಿ ಬಿಸ್ಕತ್ತು 250 ಗ್ರಾಂ, ಮೂರು ಚಮಚ ಕೋಕೋ, ಅರ್ಧ ಡಬ್ಬ ಕಂಡೆನ್ಸ್ಡ್ ಮಿಲ್ಕ್. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತಂದಿದ್ದೆವು. ಅವುಗಳ ಮೇಲೆ ಒಂದೊಂದು ಗೋಡಂಬಿ ಒತ್ತಿ ಗುರುತು ಮಾಡಿದೆವು. ಎಲ್ಲರೂ ತಿಂದರು, ಯಾರ ತಟ್ಟೆಯನ್ನೂ ಯಾರೂ ಪ್ರಶ್ನೆ ಮಾಡಲಿಲ್ಲ. ಖರ್ಚು ತಲಾ ಇನ್ನೂರು ರೂಪಾಯಿ ದಾಟಲಿಲ್ಲ.

ಆ ರಾತ್ರಿ ಅದೇ ಡಬ್ಬಿ ತುಂಬಿತು. ಚೀಟಿ ಹಿಡಿದುಕೊಂಡು ಅವನು ಮುಂದೆ, ನಾವು ಹಿಂದೆ. ಮೆಸ್ಸಿನ ಅಣ್ಣ, ಪಕ್ಕದ ರೂಮು, ಕೊನೆಗೆ ಗೇಟು. ವಾಚ್‌ಮನ್ ಅಂಕಲ್ ಎರಡು ಉಂಡೆ ತಗೊಂಡು, ಒಂದನ್ನ ಮೊಮ್ಮಗಳಿಗೆ ಅಂತ ಕಾಗದದಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡರು. ಆದರೆ ಮಧ್ಯರಾತ್ರಿಯ ಬಲಿಪೂಜೆಗೆ ಚರ್ಚಿಗೆ ಹೋಗಬೇಕು ಅಂತ ಅವನಿಗಿದ್ದ ಆಸೆ ಮಾತ್ರ ಆಗಲಿಲ್ಲ. ಗೇಟು ಒಂಬತ್ತೂವರೆಗೆ ಮುಚ್ಚುತ್ತೆ. ಗಣೇಶ ವಿಸರ್ಜನೆಯ ರಾತ್ರಿ ನಮಗೆಲ್ಲ ಸಿಗುವ ವಿನಾಯಿತಿಯನ್ನ ಕ್ರಿಸ್‌ಮಸ್‌ಗೂ ಕೇಳಬಹುದು ಅಂತ ಅವನಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಈಗ ನೆನೆದರೆ ಗಾರೆಯಾದ ಉಂಡೆಗಿಂತ ದೊಡ್ಡ ತಪ್ಪು ಅದೇ ಅನ್ನಿಸುತ್ತೆ.

ನಮ್ಮ ಕ್ಯಾಂಪಸ್ಸಲ್ಲಿ ಕ್ರಿಸ್‌ಮಸ್ ಆಚರಣೆ ಇಲ್ಲ ಅಂತಲ್ಲ. ಕೆಂಪು ಟೋಪಿ ಇದೆ, ಸೀಕ್ರೆಟ್ ಸಾಂಟಾ ಇದೆ, ಕೇಕ್ ಕತ್ತರಿಸಿ ಮುಖಕ್ಕೆ ಬಳಿಯೋದಿದೆ, ರೀಲ್ಸ್ ಇದೆ. ಅದರಲ್ಲೆಲ್ಲ ನಾವೂ ಕುಣಿದಿದ್ದೀವಿ. ಆದರೆ ಹಬ್ಬ ಮನೆಯಲ್ಲಿ ಆಚರಿಸುವ ಹುಡುಗ-ಹುಡುಗಿಯರು ಆ ದಿನ ಎಲ್ಲಿರ್ತಾರೆ, ಏನು ಮಾಡ್ತಾರೆ ಅಂತ ಕೇಳಿದ್ದೀವಾ? ಆಯುಧಪೂಜೆಗೆ ವರ್ಕ್‌ಶಾಪಿನ ಲೇಥ್ ಮೆಷಿನ್ನಿಗೂ ಹೂವು ಮುಡಿಸ್ತೀವಿ. ಹಬ್ಬಕ್ಕೆ ನಿಂತು ಕೆಲಸ ಮಾಡೋದು ನಮಗೆ ಚೆನ್ನಾಗಿ ಗೊತ್ತು. ಕ್ರಿಸ್‌ಮಸ್‌ಗೆ ಮಾತ್ರ ಪಾರ್ಟಿ ಸಾಕು ಅಂದುಕೊಂಡಿದ್ದೀವಿ.

“ಕನ್ನಡ ಸಂಘಕ್ಕೂ ಕೇಕಿಗೂ ಏನು ಸಂಬಂಧ?” ಅಂತ ಕೆಲವರು ಕೇಳಬಹುದು. ನವೆಂಬರ್‌ನಲ್ಲಿ ವೇದಿಕೆ ಹತ್ತಿ ಕಿಟ್ಟೆಲ್ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸೋದು ನಾವೇ. 1894ರಲ್ಲಿ ಅಚ್ಚಾದ ಆ ನಿಘಂಟಿನ ಹಿಂದೆ, 1843ರ ‘ಮಂಗಳೂರು ಸಮಾಚಾರ’ದ ಹಿಂದೆ ಇದ್ದದ್ದು ಬಾಸೆಲ್ ಮಿಷನ್. ‘ರಾಕ್ಣೊ’ ಅನ್ನೋ ಕೊಂಕಣಿ ವಾರಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲಿ ಬರುತ್ತಿದೆ. ನವೆಂಬರ್‌ನಲ್ಲಿ ನೆನೆಯುವವರನ್ನ ಡಿಸೆಂಬರ್‌ನಲ್ಲಿ ಮರೆಯೋದು ಹೇಗೆ? ಇನ್ನು ಕೇಕ್ ಪರದೇಶದ್ದು ಅನ್ನುವವರಿಗೆ: ನಮ್ಮ ಪಕ್ಕದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲೇ ಊರಿನ ಸಾಮಗ್ರಿ ಹಾಕಿ ಕ್ರಿಸ್‌ಮಸ್ ಕೇಕ್ ಮಾಡಿದರು, ಭಾರತದಲ್ಲಿ ಅದೇ ಮೊದಲು ಅಂತ ಹೇಳ್ತಾರೆ. ಉಂಡೆಯಂತೂ ತಂಬಿಟ್ಟು, ಚಿಗಳಿ, ಪುರಿ ಉಂಡೆ ಕಟ್ಟಿದ ಕೈಗಳಿಗೆ ಹೊಸದಲ್ಲ.

“ಪರೀಕ್ಷೆ ಸಮಯ, ಇದಕ್ಕೆಲ್ಲ ಪುರುಸೊತ್ತೆಲ್ಲಿ” ಅನ್ನೋ ಮಾತಿಗೆ ಉತ್ತರ: ನಮಗೆ ಹಿಡಿದದ್ದು ಎರಡೂವರೆ ಗಂಟೆ, ಅದರಲ್ಲಿ ಅರ್ಧ ಗಂಟೆ ಫ್ರಿಜ್ಜಿನದ್ದು. ಅವತ್ತು ರಾತ್ರಿ ಫೋನ್ ನೋಡ್ತಾ ಅದಕ್ಕಿಂತ ಹೆಚ್ಚು ಹೊತ್ತು ಕಳೀತಿದ್ದೆವು.

ಹಾಗಾಗಿ ನಮ್ಮ ಬೇಡಿಕೆ ಮೂರು. ಒಂದು, ಡಿಸೆಂಬರ್ 23 ಅಥವಾ 24ರ ಸಂಜೆ ಮೆಸ್ ಹಾಲನ್ನು ಎರಡೂವರೆ ಗಂಟೆ ಬಿಟ್ಟುಕೊಡಲಿ. ಬೆಂಕಿ ಬೇಡ, ಬಿಸಿನೀರು ಸಾಕು. ಸಂಘದ ಹಣವೂ ಬೇಡ, ತಲಾ ಐವತ್ತು ಹಾಕಿದರೆ ಸಾಮಾನು ಬರುತ್ತೆ. ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನೋದನ್ನ ಹಬ್ಬದ ಮನೆಯವರೇ ಹೇಳಲಿ, ನಾವು ಕೈ ಜೋಡಿಸೋಣ. ಎರಡು, 24ರ ರಾತ್ರಿ ಚರ್ಚಿಗೆ ಹೋಗುವವರಿಗೆ ಗೇಟಿನ ವಿನಾಯಿತಿ ಸಿಗಲಿ. ಅರ್ಜಿಯಲ್ಲಿ ಮೊದಲ ಸಹಿಗಳು ಕ್ರೈಸ್ತರಲ್ಲದ ನಮ್ಮವೇ ಇರಲಿ, ಅದನ್ನ ಕೇಳುವ ಮುಜುಗರ ಅವರ ಪಾಲಿಗೆ ಬರೋದು ಬೇಡ. ಮೂರು, ಮಾಡಿದ್ದರಲ್ಲಿ ಮೊದಲ ತಟ್ಟೆ ಗೇಟಿಗೆ, ಎರಡನೆಯದು ಮೆಸ್ಸಿನ ಅಡುಗೆಮನೆಗೆ, ಉಳಿದದ್ದು ನಮಗೆ.

ಕಳೆದ ವರ್ಷ ಆ ಡಬ್ಬಿಯನ್ನ ನಾವು ಊರಿಗೆ ಖಾಲಿ ಕಳಿಸಲಿಲ್ಲ. ಗೋಡಂಬಿ ಒತ್ತಿದ ಹನ್ನೆರಡು ಬಿಸ್ಕತ್ತಿನ ಉಂಡೆ ಹಾಕಿ, ಪರೀಕ್ಷೆ ಮುಗಿಸಿ ಹೊರಟ ಅವನ ಕೈಯಲ್ಲೇ ಕೊಟ್ಟೆವು. ಅವನ ಅಮ್ಮ ಫೋನ್ ಮಾಡಿ, “ಸಕ್ಕರೆ ಸ್ವಲ್ಪ ಜಾಸ್ತಿಯಾಯ್ತು ಮಕ್ಕಳೇ, ಮುಂದಿನ ಸಲ ಒಂದು ಚಿಟಿಕೆ ಉಪ್ಪು ಹಾಕಿ” ಅಂದರು. ಈ ಸಲ ಹಾಕ್ತೀವಿ.