ಕಾರಿನ ಡಿಸ್ಕಿಗೆ ತೂತು ಬ್ಯಾಡ, ದಪ್ಪ ನೋಡ್ರಿ

ಇವತ್ತು ಭತ್ತದ ವಿಷಯ ಅಲ್ಲ, ಕಾರಿನ ಬ್ರೇಕಿಂದು. ನಮ್ಮ ಗೊರೇಬಾಳ ಸುತ್ತಮುತ್ತ ಈಗ ಬಾಳ ಮನಿ ಮುಂದ ಸೆಕೆಂಡ್ ಹ್ಯಾಂಡ್ ಸ್ವಿಫ್ಟೋ ಆಲ್ಟೋನೋ ನಿಂತಿರ್ತದ. ಮುಂದಿನ ಗಾಲಿ ಡಿಸ್ಕ್ ಸವೆದು ಬದಲಿಸೋ ಹೊತ್ತಿಗೆ ಹುಡುಗರು ತೂತು ಹೊಡೆದ ಡಿಸ್ಕ್ ಬೇಕಂತಾರ, ಹಿರೇರು ಎಲ್ಲಕ್ಕಿಂತ ಅಗ್ಗದ್ದು ಕೊಡು ಅಂತಾರ. ಇಬ್ಬರ ಮಾತೂ ನನಗ ಒಪ್ಪಿಗಿಲ್ಲ. ನಮ್ಮ ರಸ್ತೆಗೆ ಬೇಕಾದದ್ದು ಗಾಡಿ ಕಂಪನಿ ಹೇಳಿದ ಅಳತಿಯ ಸಾದಾ ಡಿಸ್ಕ್.

ನಮ್ಮ ರಸ್ತೆ ಹೆಂಗದ ಅಂತ ನಿಮಗ ಗೊತ್ತೇ ಅದ. ನಾಟಿ ಟೈಮಿಗೆ ಟ್ರ್ಯಾಕ್ಟರಿನ ಕೇಜ್ ವೀಲಿನಿಂದ ಉದುರಿದ ಎರಿ ಕೆಸರು ಟಾರಿನ ಮ್ಯಾಲೆ. ಕೊಯ್ಲಿನ್ಯಾಗ ಅರ್ಧ ರಸ್ತೆ ತುಂಬ ಭತ್ತ, ಸುತ್ತ ಕಲ್ಲು, ರಾತ್ರಿ ಒಂದು ದೀಪ ಇರಂಗಿಲ್ಲ. ಕಾರಿನ್ಯಾಗ ಆರು ಮಂದಿ, ಡಿಕ್ಕಿಯೊಳಗ 75 ಕೆಜಿ ಚೀಲ. ವೇಗ 40ರಿಂದ 80ಕ್ಕ ಹೋದ್ರ ಬ್ರೇಕ್ ನುಂಗಬೇಕಾದ ಕಾವು ಎರಡು ಪಟ್ಟಲ್ಲ, ನಾಕು ಪಟ್ಟು. ಆ ಕಾವು ತಡಕೊಳ್ಳೋದು ಬೀಡು ಕಬ್ಬಿಣದ ಆ ತಟ್ಟೆ. ತಟ್ಟೆ ತೆಳ್ಳಗಾದಷ್ಟು ಬೇಗ ಕಾಯ್ತದ, ಬಿರುಕು ಬಿಡೋ ಭಯಾನೂ ಜಾಸ್ತಿ.

ಅದಕ್ಕ ರೇಟಿಗಿಂತ ಮುಂಚೆ ದಪ್ಪ ನೋಡ್ರಿ. ಸಾಮಾನ್ಯವಾಗಿ ಡಿಸ್ಕಿನ ಮ್ಯಾಲೇ ‘ಮಿನ್ ಟಿಎಚ್’ ಅಂತ ಇಂಗ್ಲಿಷಿನ್ಯಾಗ ಕೆತ್ತಿ ಒಂದು ಅಂಕಿ ಹಾಕಿರ್ತಾರ. 18 ಅಂತಿದ್ರ 18 ಮಿಲಿಮೀಟರಿಗಿಂತ ತೆಳ್ಳಗಾದ ಡಿಸ್ಕ್ ಓಡಿಸಬಾರದು ಅಂತ ಅರ್ಥ. ಅಳೆಯೋದ್ರಾಗೂ ಒಂದು ಮೋಸ ಅದ. ಪ್ಯಾಡ್ ತಿಕ್ಕೋ ಜಾಗ ಸವೀತದ, ಅಂಚಿನ ದಿಂಡು ಹಂಗೇ ಉಳೀತದ. ವರ್ನಿಯರ್ ಆ ದಿಂಡಿಗೆ ಹತ್ತಿದ್ರ ಡಿಸ್ಕ್ ದಪ್ಪ ಅದ ಅಂತ ತೋರಿಸ್ತದ. ತಿಕ್ಕೋ ಜಾಗದಾಗ ಎರಡೂ ಕಡೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೀರಿ, ಆಮೇಲೆ ಎರಡು ನಾಣ್ಯದ ದಪ್ಪ ಕಳೀರಿ. ಲೇತಿಗೆ ಹಾಕಿ ಕೆರೆಸ್ತೀನಿ ಅನ್ನೋರಿಗೂ ಇದೇ ಲೆಕ್ಕ. ಕೆರೆದ ಮ್ಯಾಲೆ ಎಷ್ಟು ಉಳೀತದ ಅಂತ ಕೇಳದೆ ಕೆರೆಸಬ್ಯಾಡ್ರಿ.

ತೂತಿನ ಮಾತು. ಹಿಂದಿನ ಕಾಲದ ಪ್ಯಾಡು ಕಾದ್ರ ಗ್ಯಾಸ್ ಬಿಡ್ತಿದ್ವು, ಅದು ಹೊರಗ ಹೋಗ್ಲಿ ಅಂತ ತೂತು ಹೊಡೀತಿದ್ರು. ಈಗಿನ ಪ್ಯಾಡಿಗೆ ಊರ ರಸ್ತೆಯಾಗ ಅದರ ಗರಜಿಲ್ಲ. ಬೀಡಿನ ಬಿರುಕು ಆ ತೂತಿನಿಂದಲೇ ಶುರುವಾಗ್ತದ, ಮ್ಯಾಲೆ ನಮ್ಮ ಎರಿ ಮಣ್ಣು ತೂತಿನ್ಯಾಗ ಹೊಕ್ಕು ಕೂಡ್ತದ. ‘ಕಾಕಾ, ಬೈಕಿಗೆ ಇರ್ತಾವಲ್ಲ’ ಅಂತಾರ ಹುಡುಗರು. ಬೈಕಿಂದು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್, ಅದು ಹೊರೋ ಭಾರನೂ ಬ್ಯಾರೆ, ತಮ್ಮ.

ಇನ್ನೊಂದು. ಸ್ಟೇರಿಂಗ್ ನಡುಗಿತು ಅಂದ ಕೂಡ್ಲೇ ಡಿಸ್ಕ್ ಸೊಟ್ಟಾಗ್ಯಾದ ಅಂತಾರ ಮೆಕ್ಯಾನಿಕ್‌ಗಳು. ಮೊದಲು ಗಾಲಿ ಒಳಮೈಗೆ ಒಣಗಿ ಹತ್ತಿದ ಕೆಸರು ತೊಳೀರಿ. ಕೆಸರಿನ ನಡುಕ ಬ್ರೇಕ್ ಒತ್ತದಿದ್ರೂ ಇರ್ತದ, ಡಿಸ್ಕಿಂದು ಒತ್ತಿದಾಗ ಬರ್ತದ. ಬಿಟ್ಟಿಯಾಗಿ ಹೋಗೋ ನಡುಕಕ್ಕ ರೊಕ್ಕ ಯಾಕ ಹಾಕಬೇಕು?

ಬದಲಿಸೋದಾದ್ರ ಎಡಕ್ಕೂ ಬಲಕ್ಕೂ ಜೋಡಿಯಾಗೇ ಬದಲಿಸ್ರಿ, ಪ್ಯಾಡೂ ಹೊಸವು. ಒಂದೇ ಕಡೆ ಹಾಕಿದ್ರ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಹುದು. ಹಳೇದು ತೆಗೆದಾಗ ಹಬ್ಬಿನ ಮ್ಯಾಲಿನ ತುಕ್ಕನ್ನ ತಂತಿ ಬ್ರಶ್ಶಿನಿಂದ ತಿಕ್ಕಿಸ್ರಿ. ಅದರ ಮ್ಯಾಲೇ ಕೂರಿಸಿದ್ರ ಹೊಸ ಡಿಸ್ಕೂ ಓಲಾಡ್ತದ. ಹೊಸದಕ್ಕ ತುಕ್ಕು ಹಿಡಿಬಾರದಂತ ಎಣ್ಣಿ ಸವರಿರ್ತಾರ, ಬ್ರೇಕ್ ಕ್ಲೀನರಿನಿಂದ ಅದನ್ನೂ ಒರೆಸಬೇಕು. ಗಾಲಿ ನಟ್ಟು ಎದುರು-ಬದುರು ಬಿಗೀಬೇಕು.

ಹಾಕಿದ ದಿನಾನೇ ಭರ್ರಂತ ಓಡಿಸಿ ಗಕ್ಕಂತ ನಿಲ್ಲಿಸಬ್ಯಾಡ್ರಿ. ಖಾಲಿ ರಸ್ತೆಯಾಗ 50ರಿಂದ 10ಕ್ಕ ಮೆಲ್ಲಗೆ ಇಳಿಸ್ರಿ, ಪೂರ್ತಿ ನಿಲ್ಲಿಸದೆ, ನಡುವೆ ಆರಲಿಕ್ಕೆ ಬಿಟ್ಟು ಏಳೆಂಟು ಸಲ. ಪ್ಯಾಡೂ ಡಿಸ್ಕೂ ಹೊಂದ್ಕೋತಾವ. ಆಮೇಲೆ ಮನಿ ಮಂದಿನ ಕೂರಿಸ್ಕೊಂಡು ಹೋಗ್ರಿ.

ಹಾಂ, ಹಳೇ ಡಿಸ್ಕ್ ಅಂಗಡ್ಯಾಗ ಬಿಟ್ಟು ಬರಬ್ಯಾಡ್ರಿ. ಬದಲಿಸಿದ್ದು ಖಾತ್ರಿ ಆಗ್ತದ, ಗುಜರಿಯವ ಬಂದಾಗ ಬೀಡಿನ ರೇಟೂ ಸಿಗ್ತದ.