ಕೀಲುನೋವಿನವರಿಗೆ ತಕ್ಕ ದ್ವಿಚಕ್ರ ವಾಹನ ಯಾವುದು?

ಮೊಣಕಾಲು, ಸೊಂಟ, ಮಣಿಕಟ್ಟುಗಳ ನೋವು ಇಂದು ಮನೆಮನೆಯ ಮಾತಾಗಿದೆ. ಹತ್ತರಗಿ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಭಕ್ತರಲ್ಲಿ ಅನೇಕರು ಹೊಲಕ್ಕೂ ಸಂತೆಗೂ ಜಾತ್ರೆಗೂ ದ್ವಿಚಕ್ರ ವಾಹನವನ್ನೇ ನೆಚ್ಚಿಕೊಂಡವರು. ಕೀಲು ನೋಯತೊಡಗಿದೊಡನೆ ಅವರು ಮೊದಲು ಕೇಳುವುದು, “ಗಾಡಿ ಬಿಡಬೇಕೇನ್ರೀ? ಬ್ಯಾರೆ ಗಾಡಿ ತಗೊಂಡ್ರ ನಡೀತದೇನ್ರೀ?” ಎಂದು. ಇದಕ್ಕೆ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ವಯಸ್ಸಾಯಿತು, ಇನ್ನು ಗಾಡಿ ಮುಟ್ಟಬೇಡಿ ಎಂಬುದು ಒಂದು. ದೊಡ್ಡ ಗಾಡಿ ಕೊಳ್ಳಿರಿ, ಅದರಲ್ಲಿ ಆಯಾಸವೇ ಆಗದು ಎಂಬುದು ಇನ್ನೊಂದು. ಈ ಎರಡನ್ನೂ ನಾವು ಒಪ್ಪಲಾರೆವು. ದೇಹದ ಸ್ಥಿತಿಯನ್ನು ಅರಿತು ಅದಕ್ಕೆ ತಕ್ಕ ವಾಹನವನ್ನು ಆರಿಸಿಕೊಂಡರೆ ಕೀಲುನೋವುಳ್ಳ ಹಲವರು ಇನ್ನೂ ಅನೇಕ ವರ್ಷ ಸುರಕ್ಷಿತವಾಗಿ ಸಂಚರಿಸಬಲ್ಲರು ಎಂಬುದು ನಮ್ಮ ಅಭಿಮತ.

ಮೊದಲನೆಯ ಉತ್ತರದಲ್ಲಿ ಕಾಳಜಿಯಿದೆ, ನಿಜ. ಆದರೆ ಹಳ್ಳಿಯ ಬಾಳಿನಲ್ಲಿ ಗಾಡಿ ಬಿಟ್ಟವರು ಮರುದಿನದಿಂದಲೇ ಎಲ್ಲದಕ್ಕೂ ಮತ್ತೊಬ್ಬರ ಕೈ ಕಾಯಬೇಕಾಗುತ್ತದೆ. ಹೊಲದ ನೀರು ನೋಡುವುದು, ಡೈರಿಗೆ ಹಾಲು ಹಾಕುವುದು, ಮಠಕ್ಕೆ ಬಂದು ಹೋಗುವುದು ಒಂದೊಂದಾಗಿ ನಿಲ್ಲುತ್ತವೆ. ಮೂಳೆಸವೆತದ ಕೀಲಿಗೆ ಕೂತಲ್ಲೇ ಕೂರುವುದು ಒಳ್ಳೆಯದಲ್ಲ; ಚಲನೆ ತಗ್ಗಿದಷ್ಟೂ ಸ್ನಾಯು ಸೊರಗಿ, ಕೀಲಿನ ಮೇಲಿನ ಭಾರ ಹೆಚ್ಚುತ್ತದೆ. ಕಾಯಕವನ್ನು ನಂಬಿದ ನಾವು ಕಾಯವನ್ನು ಕಾಪಾಡಿಕೊಳ್ಳಬೇಕಾದುದು ಕಾಯಕ ನಿಲ್ಲದಿರಲೆಂದೇ ಅಲ್ಲವೇ?

ಎರಡನೆಯ ಉತ್ತರದಲ್ಲಿ ಅರ್ಧ ಸತ್ಯವಿದೆ. ಪುಣೆ–ಬೆಂಗಳೂರು ಹೆದ್ದಾರಿಯಂಥ ನೇರ ರಸ್ತೆಯಲ್ಲಿ ತೂಕದ ಗಾಡಿ ಗಾಳಿಗೆ ಅಲುಗದೆ ನೆಮ್ಮದಿಯಾಗಿ ಓಡುತ್ತದೆ. ಆದರೆ ಕೀಲುನೋವಿನವರಿಗೆ ಕಷ್ಟ ಎದುರಾಗುವುದು ಹೆಚ್ಚಾಗಿ ಗಾಡಿ ನಿಂತಾಗ: ಮನೆಯಂಗಳದಲ್ಲಿ ಹಿಂದಕ್ಕೆ ತಳ್ಳುವಾಗ, ನಡುಸ್ಟ್ಯಾಂಡಿಗೆ ಎತ್ತುವಾಗ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿಬಿಟ್ಟು ರಸ್ತೆಯ ಅಂಚಿನ ಮಣ್ಣಿಗೆ ಇಳಿದಾಗ. ಹೀರೋ ಸ್ಪ್ಲೆಂಡರ್ ಗಾಡಿಯ ತೂಕ ಸುಮಾರು 112 ಕಿಲೊ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯದು ಸುಮಾರು 195 ಕಿಲೊ. ವಾಲುತ್ತಿರುವ ಗಾಡಿಯನ್ನು ಒಂದೇ ಕಾಲಿನ ಮೇಲೆ ತಡೆಯಬೇಕಾಗಿ ಬಂದಾಗ ಈ 83 ಕಿಲೊಗಳ ಅಂತರ ನೇರವಾಗಿ ಮೊಣಕಾಲಿಗೆ ತಟ್ಟುತ್ತದೆ. ಎಂಜಿನ್ನಿನ ಸಿ.ಸಿ. ಎಷ್ಟೆಂದು ಕೇಳುವ ಮೊದಲು ತೂಕವೆಷ್ಟೆಂದು ಕೇಳಬೇಕು.

ಅನಂತರ ನೋಡಬೇಕಾದುದು ಕುಳಿತುಕೊಳ್ಳುವ ಭಂಗಿ. ಮುಂದಕ್ಕೆ ಬಾಗಿ ಓಡಿಸುವ ಗಾಡಿಯಲ್ಲಿ ಮೈಭಾರ ಮಣಿಕಟ್ಟಿಗೆ ಬೀಳುತ್ತದೆ. ಹಿಂದಕ್ಕಿರುವ ಪಾದಾಧಾರದಿಂದ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ. ಮಗನ ಗಾಡಿಯನ್ನು ತಂದೆ ಓಡಿಸಿದಾಗ ನೋವು ಕೆರಳುವುದಕ್ಕೆ ಇದು ಕಾರಣ. ಕಾಲನ್ನು ಮುಂದೆ ಚಾಚಿ ಕೂರುವ ಕ್ರೂಸರ್ ಮಾದರಿಯಲ್ಲಿ ಮೊಣಕಾಲಿಗೆ ಸುಖವಿದೆ, ಆಸನವೂ ತಗ್ಗಿನಲ್ಲಿರುತ್ತದೆ. ಆದರೆ ರೋಡ್ ಹಂಪ್ ಬಂದಾಗ ಕಾಲೂರಿ ಮೈಯನ್ನು ತುಸು ಎತ್ತಲು ಬಾರದೆ ಪೆಟ್ಟೆಲ್ಲ ಬೆನ್ನೆಲುಬಿನ ಬುಡಕ್ಕೆ ತಾಗುತ್ತದೆ. ಹಂಪ್‌ಗಳಿಂದಲೇ ತುಂಬಿದ ನಮ್ಮ ಹಳ್ಳಿಗಳ ರಸ್ತೆಗೆ ಬೆನ್ನು ನೆಟ್ಟಗಿದ್ದು, ಹ್ಯಾಂಡಲ್ ಎತ್ತರದಲ್ಲಿದ್ದು, ಪಾದಗಳು ಸೊಂಟಕ್ಕಿಂತ ಸ್ವಲ್ಪವೇ ಮುಂದಿರುವ ಭಂಗಿ ಉತ್ತಮ. ಕೂತಾಗ ಎರಡೂ ಅಂಗಾಲು ಪೂರ್ಣವಾಗಿ ನೆಲ ಮುಟ್ಟಬೇಕು.

ಕೈಬೆರಳಿನ ಸಂಧಿವಾತವುಳ್ಳವರಿಗೆ ಕ್ಲಚ್ಚೇ ಶತ್ರು. ಅಂಥವರಿಗೆ ಗೇರಿಲ್ಲದ ಸ್ಕೂಟರ್ ಹಿತ. ಅದರಲ್ಲಿ ಎಡಗಾಲಿಗೂ ಕೆಲಸವಿಲ್ಲ, ಏರಿ ಇಳಿಯಲು ಕಾಲನ್ನು ಎತ್ತಿಹಾಕಬೇಕಿಲ್ಲ. ಆದರೆ ಆಕ್ಟಿವಾದಂಥ ಸ್ಕೂಟರಿನ ಚಕ್ರಗಳು 10–12 ಇಂಚಿನವು, ಸ್ಪ್ಲೆಂಡರಿನವು 18 ಇಂಚಿನವು. ಚಿಕ್ಕ ಚಕ್ರ ಗುಂಡಿಗೆ ಆಳವಾಗಿ ಇಳಿಯುವುದರಿಂದ ಸೊಂಟನೋವಿನವರು ದೂರದ ಪಯಣಕ್ಕೆ ಅದನ್ನು ಆಯ್ದುಕೊಳ್ಳುವಾಗ ಯೋಚಿಸಬೇಕು. ಹೆಬ್ಬೆರಳಿನ ಗೌಟ್ ಇರುವವರು ಬೆರಳಿನಿಂದ ಎತ್ತಬೇಕಾದ ಗೇರನ್ನು ಬಿಟ್ಟು, ಹಿಮ್ಮಡಿಯಿಂದಲೂ ತುಳಿಯಬಹುದಾದ ಗೇರನ್ನು ಆರಿಸಲಿ. ಕಿಕ್ ಹೊಡೆಯುವ ಹಳೆಯ ಬುಲೆಟ್, ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿಗಳ ಮೇಲಿನ ಹಿರಿಯರ ಮಮತೆ ನಮಗೆ ಅರ್ಥವಾಗುತ್ತದೆ. ಆದರೂ ಮೊಣಕಾಲು ಸವೆದವರಿಗೆ ಬಟನ್ ಸ್ಟಾರ್ಟ್ ಅನಿವಾರ್ಯ.

ಹಿಂದೆ ಕೂರುವ ತಾಯಂದಿರ ಮಾತು ಯಾವ ಅಂಗಡಿಯಲ್ಲಿಯೂ ಏಳುವುದಿಲ್ಲ. ಮೊಣಕಾಲಿನ ಮೂಳೆಸವೆತ ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚು. ಸೀರೆಯುಟ್ಟು ಒಂದೇ ಬದಿಗೆ ಕಾಲಿಳಿಬಿಟ್ಟು ಕೂತಾಗ ಸೊಂಟ ತಿರುಚಿಯೇ ಇರುತ್ತದೆ. ಹಿಂಬದಿಯ ಸವಾರರಿಗೆ ಹಿಡಿಕೆ, ಪಾದಾಧಾರ ಮತ್ತು ಸೀರೆ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸುತ್ತವೆ. ಅಂದಕ್ಕಾಗಿ ಅವನ್ನು ಬಿಚ್ಚಿಸುವುದು ತಪ್ಪು. ಹಿಂಬದಿಯ ಆಸನ ಅಗಲವಾಗಿ, ಸಮತಟ್ಟಾಗಿ ಇರಲಿ. ಕೊಳ್ಳುವ ದಿನ ಮನೆಯಾಕೆಯನ್ನೂ ಕರೆದೊಯ್ದು ಕೂರಿಸಿ ನೋಡುವುದು ನ್ಯಾಯ.

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ನೊಗ ಹೂಡಿ ನೋಡುತ್ತಿದ್ದರು. ಎತ್ತಿಗಿಂತ ಹೆಚ್ಚು ಬೆಲೆಯ ಗಾಡಿಯನ್ನು ನಾವು ಟ್ಯಾಂಕಿನ ಬಣ್ಣ ನೋಡಿ ಕೊಳ್ಳುತ್ತಿದ್ದೇವೆ. ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿರಿ. ಸ್ಟ್ಯಾಂಡಿಗೆ ಹಾಕಿ ತೆಗೆಯಿರಿ. ಕ್ಲಚ್ ಹಿಡಿದು ನೂರು ಎಣಿಸಿರಿ. ಅರ್ಧ ತಾಸಾದರೂ ಹಂಪ್ ಇರುವ ದಾರಿಯಲ್ಲಿ ಓಡಿಸಿರಿ. ಮರುದಿನ ಬೆಳಿಗ್ಗೆ ಕೀಲು ಏನು ಹೇಳುತ್ತದೆಂದು ಕೇಳಿಕೊಂಡ ಮೇಲೆ ಹಣ ಕಟ್ಟಿರಿ. ಅವಸರಪಡಿಸುವ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ನಡೆಯಿರಿ.

ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರದು. ಅದು ಅನಿವಾರ್ಯವೂ ಅಲ್ಲ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡಿಸಿದರೆ, ಬೇಕಾದರೆ ಬದಲಿಸಿದರೆ, ಬೆರಳಿನ ಶ್ರಮ ಗಮನಾರ್ಹವಾಗಿ ತಗ್ಗುತ್ತದೆ. ಹಿಡಿಕೆಗೆ ದಪ್ಪ ರಬ್ಬರ್ ಹಾಕಿಸಿದರೆ ಹೆಬ್ಬೆರಳ ಬುಡಕ್ಕೆ ಆರಾಮ. ಗಾಲಿಯ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಹಿಂದಿನ ಶಾಕ್ ಅಬ್ಸಾರ್ಬರನ್ನು ಒಬ್ಬರೇ ಹೋಗುವಾಗ ಮೆತ್ತಗೆ, ಇಬ್ಬರಿದ್ದಾಗ ಬಿಗಿಯಾಗಿ ಹೊಂದಿಸಿಕೊಳ್ಳಬಹುದು. ಕುಸಿದ ಸೀಟಿಗೆ ಗಟ್ಟಿ ಫೋಮ್ ಹಾಕಿಸಿರಿ. ತೀರ ಮೆತ್ತನೆಯದು ಅರ್ಧ ದಾರಿಯಲ್ಲೇ ಕುಸಿಯುತ್ತದೆ.

ಭರತ ಹುಣ್ಣಿಮೆಯ ಉಳವಿ ಜಾತ್ರೆಗೋ ಕೂಡಲಸಂಗಮಕ್ಕೋ ಗಾಡಿಯ ಮೇಲೆ ಹೊರಡುವವರು ತಾಸಿಗೊಮ್ಮೆ ಇಳಿದು ಐದು ನಿಮಿಷ ಅಡ್ಡಾಡಬೇಕು. ಮಾಗಿಯ ಮುಂಜಾವಿನ ಗಾಳಿಗೆ ಮೊಣಕಾಲು ಬಿಗಿಯುವುದರಿಂದ ಅದನ್ನು ಬೆಚ್ಚಗೆ ಮುಚ್ಚಿಕೊಳ್ಳಿರಿ, ಬಿಸಿಲೇರಿದ ಮೇಲೆ ಹೊರಡಿರಿ. ನೋವಿನ ಗುಳಿಗೆ ನುಂಗಿ ಗಾಡಿ ಹತ್ತುವ ರೂಢಿಯನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಕೆಲವು ಗುಳಿಗೆಗಳು ತೂಕಡಿಕೆ ತರುತ್ತವೆ. ವೈದ್ಯರ ಸಲಹೆಯಿಲ್ಲದೆ ನಿತ್ಯವೂ ನುಂಗುವ ನೋವುನಿವಾರಕಗಳು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ. ಬೆಳಿಗ್ಗೆ ಎದ್ದಾಗ ಒಂದು ತಾಸು ಮೀರಿ ಕೀಲು ಬಿಗಿದಿರುವುದು, ಬೆರಳಿನ ಸಣ್ಣ ಕೀಲುಗಳು ಬಾತಿರುವುದು ಕಂಡುಬಂದರೆ ಅದು ಕೇವಲ ಸವೆತವಾಗಿರಲಾರದು. ಗಾಡಿಯ ಚಿಂತೆ ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು.

ಕೊನೆಗೆ, ಗಾಡಿ ಬಿಡಲೇಬೇಕಾದ ಸಂದರ್ಭಗಳೂ ಇವೆ. ಬ್ರೇಕನ್ನು ಗಟ್ಟಿಯಾಗಿ ಹಿಡಿಯಲಾಗದಿದ್ದರೆ, ಕತ್ತು ತಿರುಗಿಸಿ ಹಿಂದೆ ನೋಡಲಾಗದಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ ಪೆಡಲ್ ತುಳಿದದ್ದೇ ತಿಳಿಯದಿದ್ದರೆ ಯಾವ ಉತ್ತಮ ಗಾಡಿಯೂ ಕಾಯದು. ಅಂಥವರ ಹಟ ತಮಗಷ್ಟೇ ಅಲ್ಲ, ದಾರಿಯಲ್ಲಿ ಎದುರಾದವರಿಗೂ ಅಪಾಯಕಾರಿ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿಯಿದೆ, ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಿದೆ. ಬಸ್ಸಿಳಿದು ಊರುಗೋಲು ಹಿಡಿದು ಮಠಕ್ಕೆ ಬರುವವರಿಗೆ ಯಾವ ಸಂಕೋಚವೂ ಬೇಡ. ಓಡಿಸಬಲ್ಲವರು ಈ ಹಬ್ಬಕ್ಕೆ ಹೊಸ ಗಾಡಿ ಕೊಳ್ಳುವ ಮುನ್ನ ಒಮ್ಮೆ ತಮ್ಮ ಮೊಣಕಾಲನ್ನು ವಿಚಾರಿಸಲಿ ಎಂಬುದಷ್ಟೇ ನಮ್ಮ ಕೋರಿಕೆ.