ವಿದ್ಯಾರ್ಥಿಗಳ ಕೈಗೆ ಬ್ಯಾನರ್ ಕೊಟ್ಟರೆ ಸಾಕೇ?

ಜೂನ್ 5 ಬಂದರೆ ಸಸಿ, ಅಕ್ಟೋಬರ್ 2 ಬಂದರೆ ಪೊರಕೆ, ಡಿಸೆಂಬರ್ 1 ಬಂದರೆ ಏಡ್ಸ್ ಜಾಥಾ. ನಮ್ಮ ಶಾಲಾ ಕಾಲೇಜುಗಳ ಸಮಾಜಸೇವೆಯ ಪಂಚಾಂಗ ಬಹುತೇಕ ಇಷ್ಟೇ. ವಿಷಯವನ್ನು ಹಿರಿಯರು ಆರಿಸುತ್ತಾರೆ, ಘೋಷಣೆಯನ್ನು ಹಿರಿಯರೇ ಬರೆಯುತ್ತಾರೆ, ಅತಿಥಿಗಳು ಭಾಷಣ ಮಾಡುತ್ತಾರೆ. ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಬ್ಯಾನರಿನ ಒಂದು ತುದಿ. ಸಮುದಾಯದ ಸಂಘಟನೆಗಳೂ ಇದಕ್ಕೆ ಹೊರತಲ್ಲ. ಹದಿನಾರರ ಹುಡುಗನಿಂದ ವರದಕ್ಷಿಣೆಯ ವಿರುದ್ಧ ಪ್ರತಿಜ್ಞೆ ಮಾಡಿಸುತ್ತೇವೆ. ಅವನ ಬೀದಿಯಲ್ಲಿ ಅವನನ್ನು ಕಾಡುತ್ತಿರುವುದೇನೆಂದು ಮಾತ್ರ ಕೇಳುವುದಿಲ್ಲ.

ಇದಕ್ಕಿಂತ ಭಿನ್ನವಾದ ಮಾದರಿ ಮೈಸೂರಿನಲ್ಲಿಯೇ ಇದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಮೊದಲ ಕೆಲಸ ತೀರಾ ಚಿಕ್ಕದು: ವೈದ್ಯರಿಗೆ ಬರುವ ಮಾದರಿ ಔಷಧಿಗಳನ್ನು ಸಂಗ್ರಹಿಸಿ ಬಡ ರೋಗಿಗಳಿಗೆ ಕೊಡುವುದು, ರಕ್ತದಾನ ಮಾಡುವುದು. 1987ರಲ್ಲಿ ಅವರು ಹೆಗ್ಗಡದೇವನಕೋಟೆ ತಾಲೂಕಿನ ಬ್ರಹ್ಮಗಿರಿಗೆ, ಅಣೆಕಟ್ಟು ಮತ್ತು ಅಭಯಾರಣ್ಯಗಳಿಂದ ನೆಲೆ ಕಳೆದುಕೊಂಡ ಆದಿವಾಸಿಗಳ ನಡುವೆ ಹೋದರು. ಮರುವರ್ಷ ದನದ ಕೊಟ್ಟಿಗೆಯೊಂದರಲ್ಲಿ ಶಾಲೆ ತೆರೆದರು. ಔಷಧಿ ಕೊಡಲು ಹೊರಟವರು ಪಾಟಿ ಬಳಪ ಹಿಡಿದರು. ಸ್ಥಳದಲ್ಲಿದ್ದು ನೋಡಿದವರಿಗಲ್ಲದೆ ಈ ತಿರುವು ಸಾಧ್ಯವಿರಲಿಲ್ಲ.

ನಮ್ಮ ಮೊಹಲ್ಲಾದ ಉದಾಹರಣೆಯೂ ಉಂಟು. ರಾಜೀವನಗರದ ಸೈಯದ್ ಇಸಾಕ್ ಓದು ದಕ್ಕದ ಕೂಲಿಕಾರ್ಮಿಕರು. ತಮಗೆ ಸಿಗದಿದ್ದುದು ಇತರರಿಗಾದರೂ ಸಿಗಲೆಂದು 2011ರಲ್ಲಿ ಕನ್ನಡ ಗ್ರಂಥಾಲಯವೊಂದನ್ನು ತೆರೆದರು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಅಲ್ಲಿ ಸುಮಾರು 11,000 ಪುಸ್ತಕಗಳಿದ್ದವು. ಬಡತನವನ್ನೋ ಅಜ್ಞಾನವನ್ನೋ ನಿರ್ಮೂಲನೆ ಮಾಡುತ್ತೇನೆಂದು ಅವರು ಹೊರಟಿರಲಿಲ್ಲ. ಆರಿಸಿಕೊಂಡದ್ದು ಒಂದು ಬಡಾವಣೆ, ಒಂದು ಭಾಷೆ, ಒಂದು ಚಾವಣಿ.

ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಯಾವ ಸಮಸ್ಯೆಯೆಂದು ಕೇಳಿದರೆ 'ಶಿಕ್ಷಣದಲ್ಲಿ ಹಿಂದುಳಿದಿರುವಿಕೆ' ಎನ್ನುತ್ತಾರೆ. ಇದು ಸಾಚಾರ್ ಸಮಿತಿಯ 2006ರ ವರದಿಗೆ ತಕ್ಕ ವಿಷಯ, ಐದು ಹುಡುಗರ ರಜಾದಿನಗಳಿಗಲ್ಲ. ಅದನ್ನು ಕಿರಿದುಗೊಳಿಸಲು ನೆರವಾಗುವುದೇ ಹಿರಿಯರ ಕೆಲಸ. ಉದಯಗಿರಿಯ ಒಂದು ಉರ್ದು ಹಿರಿಯ ಪ್ರಾಥಮಿಕ ಶಾಲೆಯಿಂದ ಕಳೆದ ವರ್ಷ ಹೊರಬಂದ ಮಕ್ಕಳಲ್ಲಿ ಪ್ರೌಢಶಾಲೆ ಸೇರಿದವರೆಷ್ಟು? ಸೇರದವರು ಎಲ್ಲಿದ್ದಾರೆ? ಈ ಪ್ರಶ್ನೆಗೆ ಉತ್ತರವಿದೆ. ಶಾಲೆಯ ದಾಖಲೆಯಲ್ಲಿ ಅರ್ಧ, ಮನೆಮನೆಯ ಬಾಗಿಲಲ್ಲಿ ಇನ್ನರ್ಧ.

ದಾಖಲೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹೋರಾಟಗಾರರು ಈ ಮಿತಿಯನ್ನು ಆಕ್ಷೇಪಿಸಿದ್ದು ನ್ಯಾಯವೇ. ಆದರೂ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗದು. ನೂರೈವತ್ತು ಪದಗಳಲ್ಲಿ ಕೇಳಲಾಗದ ಸಮಸ್ಯೆಯನ್ನು ಅವನು ಇನ್ನೂ ಗ್ರಹಿಸಿಲ್ಲವೆಂದೇ ಅರ್ಥ.

ಮುಂದಿನ ಯೋಜನೆ ಉತ್ತರವನ್ನು ಅವಲಂಬಿಸಿದೆ. ಉರ್ದು ಮಾಧ್ಯಮದಿಂದ ಬಂದು ಕನ್ನಡದಲ್ಲಿ ಎಡವಿ ಬಿಟ್ಟವರು ಹೆಚ್ಚಿದ್ದರೆ ಸಂಜೆಯ ಪಾಠ ಬೇಕು. ಪ್ರೌಢಶಾಲೆ ದೂರವೆಂದು ಹೆಣ್ಣುಮಕ್ಕಳು ನಿಂತಿದ್ದರೆ ಮನವಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋಗಬೇಕು. ಇವೆರಡಕ್ಕೂ ಒಂದೇ ಜಾಥಾ ಮದ್ದಾಗದು. ತಂಡದಲ್ಲಿ ಹುಡುಗಿಯರು ಇರಲೇಬೇಕು. ಎಷ್ಟೋ ಮನೆಗಳಲ್ಲಿ ತಾಯಂದಿರು ಬಾಯಿಬಿಡುವುದು ಅವರೊಡನೆ ಮಾತ್ರ.

ಮಸೀದಿ ಸಮಿತಿಗಳು ಇದಕ್ಕೊಂದು ಕೋಣೆಯನ್ನೂ ಒಂದು ವರ್ಷದ ಸಮಯವನ್ನೂ ಕೊಡಲಿ. ಜೊತೆಗೆ ಕೊಡಬೇಕಾದ ಇನ್ನೊಂದಿದೆ, ಅದು ಕಷ್ಟದ್ದು. ಶಾಲೆ ಬಿಟ್ಟ ಹುಡುಗರನ್ನು ಹುಡುಕುತ್ತ ಹೋದವರು ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳನ್ನು ತಲುಪುತ್ತಾರೆ. ಹದಿನಾಲ್ಕು ತುಂಬದವರನ್ನು ದುಡಿಮೆಗಿಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಆ ಅಂಗಡಿ ಸಮಿತಿಯ ಸದಸ್ಯರದ್ದೇ ಆಗಿರಬಹುದು. ವರದಿಯಲ್ಲಿ ಯಾರ ಅಂಗಡಿ ಬಂದರೂ ಆ ಸಾಲನ್ನು ಹೊಡೆದುಹಾಕುವುದಿಲ್ಲವೆಂದು ಸಮಿತಿ ಮೊದಲ ಸಭೆಯಲ್ಲಿಯೇ ವಿದ್ಯಾರ್ಥಿಗಳಿಗೆ ತಿಳಿಸಲಿ.